ಇಕ್ಕೇರಿಯಲ್ಲಿ ಇಪ್ಪತ್ತೈದು ನಿಮಿಷ

ಕಳೆದ ಮಳೆಗಾಲ ಮುಗಿದ ಮೇಲೆ ಬೆಂಗಳೂರಿನಿಂದ ಅಕ್ಕನ ಮಗ ಫೋನ್ ಮಾಡಿದ. ‘ಮಾಮು, ಸಾಗರದಲ್ಲಿ ಒಂದು ದಿನದ ಟೂರ್ ಬುಕ್ ಮಾಡಿದ್ದೇನೆ. ಕಾರು, ಗೈಡು, ಊಟ ಎಲ್ಲ ಅವರದೇ. ನೀವು ಸುಮ್ಮನೆ ಬಂದು ಕೂತರಾಯಿತು’ ಎಂದ. ಶಿವಮೊಗ್ಗ ಜಿಲ್ಲೆಯಲ್ಲೇ ನಲವತ್ತು ಚಿಲ್ಲರೆ ವರ್ಷ ಕಳೆದವನಿಗೆ ಸಾಗರ ತೋರಿಸಲು ಬೆಂಗಳೂರಿನ ಹುಡುಗ ಹಣ ಕಟ್ಟಿದ್ದು ನನಗೆ ಸ್ವಲ್ಪ ತಮಾಷೆಯಾಗಿಯೂ ಸ್ವಲ್ಪ ಅವಮಾನವಾಗಿಯೂ ಕಂಡಿತು. ಆದರೂ ಹೋದೆ. ಆಪಾ ಬರುತ್ತಾಳೆಂಬುದು ಒಂದು ಕಾರಣ. ಅವನು ಕಳಿಸಿದ್ದ ಕರಪತ್ರ ಇನ್ನೊಂದು ಕಾರಣ.

ಕರಪತ್ರ ಚೆನ್ನಾಗಿತ್ತು. ಹಸಿರು ಬಣ್ಣ, ಜೋಗದ ಚಿತ್ರ, ಬಾಳೆಎಲೆಯ ಮೇಲೆ ಊಟದ ಚಿತ್ರ. ಬೆಳಗ್ಗೆ ಇಕ್ಕೇರಿ, ಮಧ್ಯಾಹ್ನ ತೋಟದ ಮನೆಯ ಊಟ, ಆಮೇಲೆ ‘ಸರೋವರ’, ಸಂಜೆ ಜೋಗ. ಎರಡು ಮಾತುಗಳು ದಪ್ಪಕ್ಷರದಲ್ಲಿದ್ದವು: ‘ಅಪ್ಪಟ ನಿಸರ್ಗ’, ‘ಅಪ್ಪಟ ಸ್ಥಳೀಯ ಊಟ’. ಕಥೆ ಬರೆಯುವವರಿಗೆ ಒಂದು ಕೆಟ್ಟ ಅಭ್ಯಾಸವಿರುತ್ತದೆ. ‘ಅಪ್ಪಟ’ ಎಂಬ ಶಬ್ದ ಕಂಡರೆ ಅದು ಯಾರನ್ನು ಹೊರಗಿಟ್ಟು ಅಪ್ಪಟವಾಯಿತು ಎಂದು ಹುಡುಕತೊಡಗುತ್ತೇವೆ. ಒಂದು ದಿನದ ಪ್ರವಾಸವೂ ಒಂದು ಕೃತಿಯೇ. ಯಾವುದನ್ನು ಮೊದಲು ತೋರಿಸಬೇಕು, ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಯಾವ ತಿರುವಿನಲ್ಲಿ ಕಾರು ನಿಲ್ಲಿಸಬಾರದು ಎಂದು ಯಾರೋ ಕೂತು ನಿರ್ಧರಿಸಿರುತ್ತಾರೆ. ಹೀಗಿರುವಾಗ ಕಥಾಸಂಕಲನವನ್ನು ವಿಮರ್ಶಿಸುವ ಹಾಗೆ ಇದನ್ನೂ ಏಕೆ ವಿಮರ್ಶಿಸಬಾರದು?

ಮೊದಲು ಇಕ್ಕೇರಿ. ಸಾಗರದಿಂದ ದೂರವೇನಿಲ್ಲ. ಕೆಳದಿಯ ನಾಯಕರು ತಮ್ಮ ರಾಜಧಾನಿಯನ್ನು ಇಲ್ಲಿಗೆ ತಂದು ದಶಕಗಳ ಕಾಲ ಆಳಿದರು. ಅವರ ಅರಮನೆ, ಪೇಟೆ, ಕೋಟೆಗಳ ಸದ್ದು ಅಡಗಿ ಹೋಗಿದೆ. ಅಘೋರೇಶ್ವರ ದೇವಸ್ಥಾನ ಮಾತ್ರ ಹುಲ್ಲುಹಾಸಿನ ನಡುವೆ ದೊಡ್ಡ ಆನೆಯ ಹಾಗೆ ನಿಂತಿದೆ. ನಮಗೆ ಕೊಟ್ಟ ಸಮಯ ಇಪ್ಪತ್ತೈದು ನಿಮಿಷ. ಗೈಡ್ ಹುಡುಗ ಚುರುಕಾಗಿದ್ದ. ಕಂಬ, ಛಾವಣಿ, ನಂದಿ ತೋರಿಸಿ, ‘ಬಿಜಾಪುರದ ಸೈನ್ಯ ಬಂದು’ ಎಂದು ಶುರುಮಾಡಿದವನು ನನ್ನ ಸೋದರಳಿಯ ‘ಮಾಮು’ ಎಂದು ಕರೆದದ್ದು ಕೇಳಿಸಿ ಅರ್ಧಕ್ಕೇ ನಿಲ್ಲಿಸಿದ. ನಮ್ಮ ಆಪಾಳ ಬುರ್ಖಾ ಕಾರಿನಿಂದ ಇಳಿಯುವಾಗಲೇ ಕಂಡಿರಬೇಕು; ಅಭ್ಯಾಸಬಲದಿಂದ ಮಾತು ಬಂದುಬಿಟ್ಟಿತ್ತು. ‘ಆಗಿನ ಕಾಲದಲ್ಲಿ ಎಲ್ಲ ರಾಜರೂ ಹಾಗೇ ಸರ್’ ಎಂದು ಮುಗಿಸಿ ಪಕ್ಕದ ಶಿಲ್ಪಕ್ಕೆ ಹೋದ.

ಅವನ ಸೌಜನ್ಯಕ್ಕೆ ನಾನು ಋಣಿ. ಆದರೆ ಆ ಸೌಜನ್ಯ ನಮಗೆ ಬೇಕಿರಲಿಲ್ಲ. 1637ರ ಹೊತ್ತಿಗೆ ಬಿಜಾಪುರದ ಸೇನಾಪತಿ ರಣದುಲ್ಲಾಖಾನ್ ಇಕ್ಕೇರಿಯ ಮೇಲೆ ಏರಿ ಬಂದದ್ದು ನಿಜ. ಆಮೇಲೆ ರಾಜಧಾನಿ ಬಿದನೂರಿಗೆ, ಅಂದರೆ ಇವತ್ತಿನ ಹೊಸನಗರ ತಾಲ್ಲೂಕಿನ ನಗರಕ್ಕೆ ಹೋಯಿತು. ಅದನ್ನು ನಮ್ಮೆದುರು ಹೇಳಲು ಯಾರೂ ಹಿಂಜರಿಯಬೇಕಾಗಿಲ್ಲ. ಜೊತೆಗೆ ಎದುರಿನ ನಂದಿ ಮಂಟಪವನ್ನೂ ಒಮ್ಮೆ ಸರಿಯಾಗಿ ತೋರಿಸಿದ್ದರೆ ಸಾಕಿತ್ತು. ಅದರ ಕಮಾನುಗಳು ಬಿಜಾಪುರದ ಕಟ್ಟಡಗಳನ್ನು ನೋಡಿದವರಿಗೆ ಗುರುತು ಸಿಗುತ್ತವೆ. ಯುದ್ಧ ಮಾಡಿದವರ ನಡುವೆಯೇ ಕಲ್ಲುಕುಟಿಗರ ಕೈಗಳು ಬೇರೆ ಮಾತುಕತೆ ನಡೆಸಿದ್ದವು. ಹೇಳುವುದಾದರೆ ಎರಡನ್ನೂ ಹೇಳಬೇಕು. ಇಲ್ಲಿ ಎದುರಿಗಿರುವವರು ಯಾರು ಎಂದು ನೋಡಿ ಕಥೆ ಬದಲಾಗುತ್ತದೆ. ನಾವಿಲ್ಲದ ದಿನ ಆ ವಾಕ್ಯ ಹೇಗೆ ಮುಗಿಯುತ್ತದೋ ಎಂಬ ಯೋಚನೆ ನನ್ನನ್ನು ಊಟದವರೆಗೂ ಕೊರೆಯಿತು.

ತೋರಿಸದೆ ಬಿಟ್ಟದ್ದು ಇನ್ನೂ ಇದೆ. ಗರ್ಭಗುಡಿಯ ಎದುರಿನ ನೆಲದಲ್ಲಿ ದೇವರಿಗೆ ನಮಿಸುತ್ತಿರುವ ಮೂವರು ನಾಯಕರ ಆಕೃತಿಗಳಿವೆ. ಅವರಲ್ಲಿ ಒಬ್ಬ ಹುಚ್ಚನೆಂದು ಹೆಸರಾದವನು, ಅವನ ಕೈಕಾಲುಗಳಿಗೆ ಬೇಡಿ ತೊಡಿಸಿದೆ ಎಂದು ಬಿ.ಎಲ್. ರೈಸ್ ತನ್ನ ಮೈಸೂರು ಗೆಜೆಟಿಯರಿನಲ್ಲಿ ಬರೆದಿದ್ದಾನೆ. ಮನೆತನದ ಹುಚ್ಚನನ್ನು ಮುಚ್ಚಿಡದೆ ಬೇಡಿಯ ಸಮೇತ ದೇವರ ಮುಂದೆ ಕೆತ್ತಿಸಿದ ರಾಜವಂಶ ಎಷ್ಟಿದ್ದೀತು? ಅದೇ ಗೆಜೆಟಿಯರಿನಲ್ಲಿ ಇನ್ನೊಂದು ಸಂಗತಿಯಿದೆ. ಈ ದೇವಸ್ಥಾನದ ನಡುಗಂಬಗಳ ಅಂತರವೇ ತೋಟದ ಜಮೀನು ಅಳೆಯುವ ಅಳತೆಯಾಗಿತ್ತಂತೆ. 18 ಅಡಿ 6 ಅಂಗುಲದ ಕೋಲು, ಅದಕ್ಕೆ ‘ದಾಯ’ ಎಂದು ಹೆಸರು. ಅಂದರೆ ಅಡಿಕೆ ಬೆಳೆಯುವವನು ತನ್ನ ತೋಟ ಎಷ್ಟು, ಕಂದಾಯ ಎಷ್ಟು ಎಂಬ ತಕರಾರಿಗೆ ಈ ಕಂಬಗಳನ್ನೇ ಸಾಕ್ಷಿ ಕರೆಯಬಹುದಿತ್ತು. ಆ ಎರಡು ಕಂಬಗಳ ನಡುವೆ ನಿಂತು ನಮ್ಮ ಹುಡುಗ ಫೋಟೋ ತೆಗೆಸಿಕೊಂಡ. ತಾನು ಅಳತೆಗೋಲಿನೊಳಗೆ ನಿಂತಿದ್ದೇನೆಂದು ಅವನಿಗೆ ಹೇಳಿದವರಿಲ್ಲ. ನಾನು ಕಾರಿನಲ್ಲಿ ಹೇಳಿದೆ, ಆಗ ತಡವಾಗಿತ್ತು.

ಇಕ್ಕೇರಿಗೆ ಬಂದ ಹಳೆಯ ಪ್ರವಾಸಿಯೊಬ್ಬನನ್ನು ಇಲ್ಲಿ ನೆನೆಯಬೇಕು. ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಗೋವೆಯ ಪೋರ್ಚುಗೀಸರ ರಾಯಭಾರಿಯ ಜೊತೆ ವೆಂಕಟಪ್ಪ ನಾಯಕನನ್ನು ಕಾಣಲು ಹೊನ್ನಾವರದ ಕಡೆಯಿಂದ ಘಟ್ಟ ಹತ್ತಿ ಬಂದ. ದಾರಿಯಲ್ಲಿ ಗುಡಿಯೊಂದರ ಜಗಲಿಯಲ್ಲಿ ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಲ್ಲಿ ಅಂಕಿ ಬರೆಯುತ್ತ, ರಾಗವಾಗಿ ಪಾಠ ಹೇಳಿಕೊಳ್ಳುತ್ತಿದ್ದುದನ್ನು ನೋಡಿ, ನಿಂತು ವಿಚಾರಿಸಿದ. ಇಕ್ಕೇರಿಯಲ್ಲಿ ಸತಿ ಹೋಗಲು ಹೊರಟಿದ್ದ, ಡೋಲು ಬಾರಿಸುವವನ ಹೆಂಡತಿಯೊಬ್ಬಳ ಮನೆಗೇ ಹೋಗಿ ಮಾತಾಡಿಸಿ, ಬೇಡ ಎಂದು ಹೇಳಿ ನೋಡಿದ. ಅವಳ ಹೆಸರು ಕೇಳಿ ಬರೆದುಕೊಂಡ. ಅವನು ಬರೆದದ್ದು ‘ಜಿಯಾಕ್ಕಮಾ’ ಎಂದು. ನಮ್ಮ ಜಕ್ಕಮ್ಮನೇ ಇರಬೇಕು. ಅವನಿಗೂ ತನ್ನ ಧರ್ಮದ, ತನ್ನ ದೇಶದ ಹಮ್ಮು ಧಾರಾಳವಾಗಿತ್ತು. ನಮ್ಮ ದೇವರುಗಳ ಬಗ್ಗೆ ಬರೆದದ್ದರಲ್ಲಿ ಅದು ಕಾಣುತ್ತದೆ. ಆದರೂ ನಾನೂರು ವರ್ಷದ ಹಿಂದಿನ ಇಕ್ಕೇರಿಯ ಒಬ್ಬ ಬಡ ಹೆಂಗಸಿನ ಹೆಸರು ನಮಗೆ ಸಿಗುವುದು ಆ ಪರದೇಶಿಯಿಂದ. ನಾವು ಆ ದಿನವಿಡೀ ಯಾರ ಹೆಸರನ್ನೂ ಕೇಳಲಿಲ್ಲ.

ಇನ್ನು ಊಟದ ವಿಚಾರ. ಸುಳ್ಳು ಹೇಳಬಾರದು, ಊಟ ಬಹಳ ರುಚಿಯಾಗಿತ್ತು. ಅಡಿಕೆ ತೋಟದ ನಡುವಿನ ಹವ್ಯಕರ ಮನೆ. ಜಗಲಿಯಲ್ಲಿ ಕೂರಿಸಿ ಬಾಳೆಎಲೆ ಹಾಕಿದರು. ಒಂದೆಲಗದ ತಂಬುಳಿ, ಅಪ್ಪೆಹುಳಿ, ಕೊಟ್ಟೆ ಕಡುಬು, ಹಲಸಿನ ಹಪ್ಪಳ, ಜೀರಿಗೆಯ ಪರಿಮಳದ ಮಿಡಿ ಉಪ್ಪಿನಕಾಯಿ. ಹೊಳೆದಂಡೆಯ ಅಪ್ಪೆಮರದ ಎಳೆಗಾಯಿಯನ್ನು ನೆಲಕ್ಕೆ ಬೀಳಿಸದೆ, ತೊಟ್ಟು ಮುರಿಯದೆ ಕೊಯ್ದು ಉಪ್ಪಿನಲ್ಲಿ ಹಾಕಿಟ್ಟರೆ ವರ್ಷಗಟ್ಟಲೆ ಉಳಿಯುತ್ತದೆ. ಈ ಅಪ್ಪೆಮಿಡಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿದೆ. ಕೊನೆಗೆ ತೊಡೆದೇವು. ಕವುಚಿಟ್ಟ ಮಡಕೆಯ ಕೆಳಗೆ ಬೆಂಕಿ ಹಾಕಿ, ಕಬ್ಬಿನ ಹಾಲಲ್ಲಿ ಕಲಸಿದ ಅಕ್ಕಿಹಿಟ್ಟನ್ನು ಬಟ್ಟೆಯಲ್ಲಿ ಅದ್ದಿ ಒಂದೇ ಬೀಸಿಗೆ ಮಡಕೆಯ ಬೆನ್ನಿಗೆ ತೊಡೆಯಬೇಕು; ಕಾಗದದ ಹಾಗೆ ಎದ್ದು ಬರುತ್ತದೆ. ಕೈ ಒಂದು ಕ್ಷಣ ತಡೆದರೆ ಹರಿಯುತ್ತದೆ. ಅದನ್ನು ಮಾಡಿದ ಅಮ್ಮ ಬಾಗಿಲ ಸಂದಿಯಿಂದ ಒಮ್ಮೆ ನಮ್ಮನ್ನು ನೋಡಿ ಒಳಗೆ ಹೋದರು. ಬಡಿಸಿದವರು, ವಿವರಿಸಿದವರು ಗಂಡಸರು. ನಮ್ಮ ಮನೆಗಳ ದಾವತ್ತಿನಲ್ಲಿಯೂ ಇದೇ ವ್ಯವಸ್ಥೆಯಾದ್ದರಿಂದ ನಾನು ಬೆರಳು ತೋರುವಂತಿಲ್ಲ. ಆಪಾ ಮಾತ್ರ ಎದ್ದು ಒಳಗೆ ಹೋದಳು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಇಬ್ಬರೂ ಬಹಳ ಹೊತ್ತು ಮಾತಾಡಿದರು. ವಾಪಸು ಬರುವಾಗ ಅವಳ ಕೈಯಲ್ಲಿ ಒಂದು ಬಾಟಲಿ ಮಿಡಿ ಉಪ್ಪಿನಕಾಯಿ ಇತ್ತು, ದುಡ್ಡು ತೆಗೆದುಕೊಳ್ಳಲಿಲ್ಲವಂತೆ.

ಆದ್ದರಿಂದ ನನ್ನ ತಕರಾರು ಆ ಮನೆಯ ಮೇಲಲ್ಲ. ಅವರು ತಮ್ಮ ಊಟವನ್ನು ತಮ್ಮ ಊಟ ಎಂದೇ ಬಡಿಸಿದರು. ತಕರಾರು ಇರುವುದು ಅದನ್ನು ‘ಸ್ಥಳೀಯ’ ಎಂದು ಕರೆದು ಬೇರೆಲ್ಲ ಒಲೆಗಳನ್ನು ಆರಿಸಿಬಿಡುವ ಕರಪತ್ರದ ಮೇಲೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ದೀವರಿದ್ದಾರೆ, ಒಕ್ಕಲಿಗರಿದ್ದಾರೆ, ಹಸಲರಿದ್ದಾರೆ, ಕೊಂಕಣಿ ಕ್ರೈಸ್ತರಿದ್ದಾರೆ, ನಾವಿದ್ದೇವೆ. ಮೊದಲ ಮಳೆಗೆ ಗದ್ದೆಯ ಹರಿವಿನಲ್ಲಿ ಮೇಲೇರಿ ಬರುವ ಹತ್ತುಮೀನು, ಹಳ್ಳದ ಏಡಿ, ಕಳಲೆ, ಅಣಬೆ, ಕೋಳಿಸಾರಿನ ಜೊತೆ ಕಡುಬು, ಇವು ಯಾವ ಊರಿನವು? ಕುವೆಂಪು ಅವರ ಕಾದಂಬರಿಗಳನ್ನು ಓದಿದವರಿಗೆ ಮಲೆನಾಡಿನ ಮನೆಗಳಲ್ಲಿ ಕಡುಬಿನ ಪಕ್ಕ ಏನಿರುತ್ತಿತ್ತೆಂದು ಗೊತ್ತಿದೆ. ಭೂಮಿ ಹುಣ್ಣಿಮೆಯ ರಾತ್ರಿ ದೀವರ ಹೆಂಗಸರು ಬಗೆಬಗೆಯ ಸೊಪ್ಪು ಬೇಯಿಸಿ, ಚಿತ್ತಾರ ಬರೆದ ಬುಟ್ಟಿಯಲ್ಲಿಟ್ಟು ಗದ್ದೆಗೆ ಒಯ್ದು, ಬಸುರಿ ಭೂಮಿಗೆ ಬಯಕೆಯೂಟ ಬಡಿಸುತ್ತಾರೆ. ಆ ಬುಟ್ಟಿಯ ಚಿತ್ತಾರ ಕರಪತ್ರದ ಅಂಚಿಗೆ ಅಲಂಕಾರವಾಗಿ ಬಂದಿದೆ. ಬುಟ್ಟಿಯೊಳಗಿನ ಅನ್ನ ಮಾತ್ರ ಬಂದಿಲ್ಲ.

ಎಲೆಯ ಮೇಲಿನ ಅಕ್ಕಿಗೂ ಇಲ್ಲಿ ಒಂದು ಚರಿತ್ರೆಯಿದೆ. ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿ ರೈತರು ಎದ್ದು ನಿಂತರು. ಜಗಳದ ಒಂದು ಮೂಲ ಭತ್ತ ಅಳೆಯುವ ಕೊಳಗ. ಒಡೆಯರು ಗೇಣಿ ಅಳೆದುಕೊಳ್ಳುವ ಕೊಳಗದ ಗಾತ್ರ ದೊಡ್ಡದು ಎಂಬುದು ಒಕ್ಕಲುಗಳ ದೂರು. ಎಚ್. ಗಣಪತಿಯಪ್ಪ ರೈತರನ್ನು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಬಂದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮುಂದೆ ದೇವರಾಜ ಅರಸರ ಕಾಲದ ಭೂಸುಧಾರಣೆಯವರೆಗೆ ಹೋಗುವ ದಾರಿ ಇಲ್ಲಿಂದ ಹೊರಟಿತು. ಇಕ್ಕೇರಿಯ ಕಂಬಗಳ ನಡುವಿನ ದಾಯ, ಕಾಗೋಡಿನ ಕೊಳಗ: ಅಳತೆ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಗೆ ಈ ನೆಲದಲ್ಲಿ ಅಷ್ಟು ಹಳೆಯ ಬೇರಿದೆ. ಈಗ ‘ಸ್ಥಳೀಯ’ ಎಂಬುದನ್ನು ಅಳೆಯುವ ಕೊಳಗ ಪ್ರವಾಸ ಮಾರುವವರ ಕೈಗೆ ಬಂದಿದೆ.

ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡಬೇಕು. ಟೂರ್ ಬುಕ್ ಮಾಡಿದ ದಿನ ಆಪಾ ಕೇಳಿದ ಮೊದಲ ಪ್ರಶ್ನೆ, ‘ಊಟ ಏನಂತೆ?’ ಎಂದು. ವೆಜ್ ಎಂದು ಗೊತ್ತಾದ ಮೇಲೆ ಅವಳಿಗೂ ನನಗೂ ನಿರಾಳವಾಯಿತು. ಕೋಳಿಸಾರಿನ ಮನೆಗೆ ಕರೆದೊಯ್ದಿದ್ದರೆ ‘ಹಲಾಲಾ?’ ಎಂದು ಕೇಳುತ್ತಿದ್ದವರು ನಾವೇ. ಕೇಳಲು ಸಂಕೋಚ, ಕೇಳದೆ ತಿನ್ನಲು ಭಯ. ಎಲ್ಲರೂ ತಕರಾರಿಲ್ಲದೆ ಕೂರಬಹುದಾದ ಎಲೆ ಸಸ್ಯಾಹಾರದ್ದು ಎಂದು ಪ್ರವಾಸದವರು ವಾದಿಸಿದರೆ ಅದರಲ್ಲಿ ಅರ್ಧ ಸತ್ಯವಿದೆ. ಆ ಅರ್ಧಕ್ಕೆ ನಾವೂ ಜವಾಬ್ದಾರರು. ಆದರೆ ಈ ಪ್ರಶ್ನೆಗೆ ಈ ನಾಡು ತನ್ನದೇ ಉತ್ತರವನ್ನು ಬಹಳ ಹಿಂದೆಯೇ ಕಂಡುಕೊಂಡಿದೆ. ತೀರ್ಥಹಳ್ಳಿ ತಾಲ್ಲೂಕಿನ ಹಣಗೆರೆಕಟ್ಟೆಯಲ್ಲಿ ಒಂದೇ ಸೂರಿನ ಕೆಳಗೆ ಸೈಯದ್ ಹಜರತ್ ದರ್ಗಾವೂ ಭೂತರಾಯ, ಚೌಡೇಶ್ವರಿಯರೂ ಇದ್ದಾರೆ. ಹರಕೆಯ ಕೋಳಿ, ಕುರಿ ಕೊಯ್ದು ಕಾಡಿನ ಮರಗಳ ಕೆಳಗೆ ಒಲೆ ಹೂಡಿ ಎಲ್ಲ ಜಾತಿಯವರೂ ಅಡುಗೆ ಮಾಡುತ್ತಾರೆ. ಒಂದು ಒಲೆಯ ಹೊಗೆ ಇನ್ನೊಂದು ಒಲೆಯವರ ಕಣ್ಣಿಗೆ. ಗದ್ದಲವಿದೆ, ಕಸವಿದೆ, ಅದೊಂದು ಸ್ವರ್ಗವೆಂದು ನಾನು ಹೇಳುವುದಿಲ್ಲ. ಆದರೆ ಈ ಮೂರು ತಾಲ್ಲೂಕಿನ ಜನ ತಾವಾಗಿಯೇ ಹೋಗಿ, ಒಟ್ಟಿಗೆ ಒಲೆ ಹೂಡಿ ಉಣ್ಣುವ ಜಾಗ ತೋರಿಸಿ ಎಂದರೆ ನಾನು ಅಲ್ಲಿಗೆ ಕರೆದೊಯ್ಯುತ್ತೇನೆ. ಅದು ಆ ಕರಪತ್ರದಲ್ಲಿರಲಿಲ್ಲ.

ಊಟ ಮುಗಿಸಿ ಬಂದಾಗ ಡ್ರೈವರ್ ಹುಡುಗ ತೋಟದ ದಣಪೆಯ ಆಚೆ, ಹಲಸಿನ ಮರದ ಬುಡದಲ್ಲಿ ಟಿಫನ್ ಬಾಕ್ಸ್ ಮುಚ್ಚುತ್ತಿದ್ದ. ಅವನು ನಮ್ಮ ಜೊತೆ ಕೂರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಟೂರ್‌ನವರು ಹೊಂದಿಸಿದ್ದ ಊಟದ ಲೆಕ್ಕ ಪ್ರವಾಸಿಗಳ ತಲೆಗೆ. ‘ಬಾಕ್ಸ್ ತಂದಿರ್ತೀನಿ ಸರ್’ ಎಂದ. ಕಾರು ಹತ್ತಿದಾಗ ನಮ್ಮ ಹುಡುಗ ಮೂಗು ಮುರಿದು ಕಿಟಕಿ ಇಳಿಸಿದ. ಅಕ್ಕಿ ರೊಟ್ಟಿ, ಒಣಸೀಗಡಿ ಚಟ್ನಿ. ಆ ವಾಸನೆ ಗುರುತಿಸಲು ನನಗೆ ಗೈಡ್ ಬೇಕಾಗಿರಲಿಲ್ಲ.

ಆಮೇಲಿನದು ‘ಸರೋವರ’. ಹೊನ್ನೇಮರಡು ಕಡೆಯ ದಂಡೆಯಲ್ಲಿ ನಿಲ್ಲಿಸಿದರು. ನೀರು, ನೀರಿನಾಚೆ ನಡುಗಡ್ಡೆಗಳು, ಅವುಗಳ ಮೇಲೆ ಮೋಡದ ನೆರಳು. ಚಂದವಿರಲಿಲ್ಲ ಎಂದು ಯಾರೂ ಹೇಳಲಾರರು. ಹುಡುಗ ‘ಎಷ್ಟು ಹಳೆಯ ಕೆರೆ ಇರಬಹುದು ಮಾಮು?’ ಎಂದ. ನಾನು ಬಾಯಿ ತೆರೆಯುವ ಮೊದಲೇ ಡ್ರೈವರ್, ‘ಕೆರೆಯಲ್ಲ ಸರ್, ಡ್ಯಾಮಿಂದು. ನಮ್ಮಜ್ಜನ ಮನೆ ಅಲ್ಲೇ ಕೆಳಗಿತ್ತಂತೆ’ ಎಂದು ನೀರಿನ ಕಡೆ ಗಲ್ಲ ಚಾಚಿದ. ಬೆಳಗ್ಗಿನಿಂದ ಅವನು ಆಡಿದ ಅತಿ ಉದ್ದದ ಮಾತು ಅದು.

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನೀರಿನ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳು, ಗದ್ದೆ ತೋಟಗಳು, ದೇವಸ್ಥಾನಗಳು ಆ ಗೆರೆಯ ಕೆಳಗೆ ಬಂದವು. ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಕೂಡ ಇದರೊಳಗೆ ಮುಳುಗಿತು. ಬೇಸಿಗೆಯಲ್ಲಿ ನೀರು ಇಳಿದಾಗ ಅದು ತಲೆಯೆತ್ತುತ್ತದೆ, ಜನ ಫೋಟೋ ತೆಗೆಯಲು ಹೋಗುತ್ತಾರೆ. ಹೊಸನಗರದವರಿಗೆ ಮುಳುಗಡೆ ಒಂದೇ ಸಲ ಬರಲಿಲ್ಲ. ಚಕ್ರಾ, ಸಾವೆಹಕ್ಕಲು, ವಾರಾಹಿಯ ಮಾಣಿ ಎಂದು ಮತ್ತೆ ಬಂತು. ಎಬ್ಬಿಸಿದವರನ್ನು ಲಾರಿಗಳಲ್ಲಿ ತಂದು ಕಾಡಿನ ಅಂಚುಗಳಲ್ಲಿ ಇಳಿಸಿದರು. ಅವರಲ್ಲಿ ಸಾವಿರಾರು ಕುಟುಂಬಗಳು, ಆ ಜಮೀನು ಅರಣ್ಯದ್ದೋ ಕಂದಾಯದ್ದೋ ಎಂಬ ಜಗಳದ ನಡುವೆ, ಮೂರನೇ ತಲೆಮಾರಿಗೆ ಬಂದರೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿವೆ. ನಾಡಿಗೆ ಬೆಳಕು ಕೊಟ್ಟವರ ಮನೆಗಳಿಗೇ ವಿದ್ಯುತ್ ಬಹಳ ತಡವಾಗಿ ಬಂತೆಂಬುದು ಈ ಕಡೆ ಗಾದೆಯ ಹಾಗೆ ಆಡುವ ಮಾತು. ಹಿನ್ನೀರು ದ್ವೀಪ ಮಾಡಿಟ್ಟ ತುಮರಿ ಕಡೆಯ ಹಳ್ಳಿಗಳಿಗೆ ಸಾಗರಕ್ಕೆ ಬರಲು ಆರು ದಶಕ ಲಾಂಚೇ ಗತಿಯಾಗಿತ್ತು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಸಂಜೆಯ ನಂತರ ಹೆರಿಗೆ ನೋವು ಬಂದರೆ ಎಂಬ ಭಯ ಹೊತ್ತು ಬದುಕಿದ ಹೆಂಗಸರ ಎರಡು ತಲೆಮಾರು ಆ ಸೇತುವೆಗಿಂತ ಮೊದಲೇ ಮುಗಿದು ಹೋಗಿವೆ. ಸೇತುವೆ ಮಾತ್ರ ಈಗ ಹೊಸ ಕರಪತ್ರಗಳಲ್ಲಿ ‘ನೋಡಲೇಬೇಕಾದ ಸ್ಥಳ’.

ಇದನ್ನೆಲ್ಲ ಹೇಳಲು ಪ್ರವಾಸದವರು ಸಂಶೋಧನೆ ಮಾಡಬೇಕಾಗಿಲ್ಲ. ಸಾಗರದಲ್ಲೇ ಬದುಕಿ, 2025ರ ಜನವರಿಯಲ್ಲಿ ತೀರಿಕೊಂಡ ನಾ. ಡಿಸೋಜ ಅವರು ಲೋಕೋಪಯೋಗಿ ಇಲಾಖೆಯ ನೌಕರರಾಗಿ ಈ ಮುಳುಗಡೆಯನ್ನು ಹತ್ತಿರದಿಂದ ಕಂಡವರು. ‘ಮುಳುಗಡೆ’, ‘ದ್ವೀಪ’, ‘ಒಡ್ಡು’ ಬರೆದರು. ಗಿರೀಶ ಕಾಸರವಳ್ಳಿಯವರ ಚಿತ್ರದ ಮೂಲಕ ‘ದ್ವೀಪ’ ಹೊರನಾಡಿಗೂ ಹೋಯಿತು. ಕನ್ನಡ ಮನೆಮಾತಲ್ಲದ ಒಬ್ಬ ಕ್ರೈಸ್ತ ಲೇಖಕ ದೀವರ, ಹವ್ಯಕರ, ಎಲ್ಲರ ಮುಳುಗಿದ ಮನೆಗಳ ಲೆಕ್ಕ ಇಟ್ಟರು. ಮನೆಯಲ್ಲಿ ಉರ್ದು, ಬರವಣಿಗೆಯಲ್ಲಿ ಕನ್ನಡ ಎಂದು ಬದುಕುವ ನನ್ನಂಥವನಿಗೆ ಅದು ದೊಡ್ಡ ಧೈರ್ಯ. ಅವರ ಒಂದು ಪುಸ್ತಕವನ್ನು ಕಾರಿನ ಹಿಂದಿನ ಸೀಟಿನಲ್ಲಿ ಇಟ್ಟರೆ ಸಾಕು, ಪ್ರವಾಸ ಅರ್ಧ ಸರಿಹೋಗುತ್ತದೆ.

ಜೋಗದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ತೆಳ್ಳಗೆ ಇಳಿಯುತ್ತಿದ್ದವು. 830 ಅಡಿ ಬೀಳುವ ನೀರು ಎಷ್ಟೆಂದು ನಿರ್ಧರಿಸುವುದು ಮೇಲಿನ ಅಣೆಕಟ್ಟಿನ ಗೇಟು. ನದಿಯ ಪಾಲಿನ ನೀರು ಸುರಂಗ, ಕೊಳವೆಗಳಲ್ಲಿ ಇಳಿದು ಕರೆಂಟ್ ಆಗಿ ಹೋಗಿರುತ್ತದೆ. ಅದರಲ್ಲಿ ನನಗೇನೂ ಬೇಸರವಿಲ್ಲ, ಆ ಕರೆಂಟಿನಲ್ಲೇ ನಾನು ಓದಿದವನು. ‘ಅಪ್ಪಟ ನಿಸರ್ಗ’ ಎಂದು ಮಾರಬೇಡಿ ಎಂದಷ್ಟೇ ಹೇಳುತ್ತೇನೆ. ತೀರ್ಥಹಳ್ಳಿಯ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ಹೊನ್ನಾವರ ಸೇರುವುದರೊಳಗೆ ಎಷ್ಟು ಮನುಷ್ಯರ ಕೈಯಲ್ಲಿ ಹಾಯ್ದು ಹೋಗುತ್ತದೆಂಬುದು ಜಲಪಾತಕ್ಕಿಂತ ಸಣ್ಣ ಕಥೆಯೇನಲ್ಲ.

ವಾಪಸು ಬರುವಾಗ ಕತ್ತಲಾಗಿತ್ತು. ತಾಳಗುಪ್ಪದ ಆಚೆ ಚಹಾಕ್ಕೆ ನಿಲ್ಲಿಸಿದೆವು. ಹುಡುಗ ಡ್ರೈವರನ ಹತ್ತಿರ ಹೋಗಿ, ‘ಮಧ್ಯಾಹ್ನದ ಆ ಚಟ್ನಿ ಉಳಿದಿದೆಯಾ?’ ಎಂದು ಕೇಳಿದ. ನನಗೆ ಆಶ್ಚರ್ಯವಾಯಿತು. ಡ್ರೈವರ್ ನಾಚಿಕೊಂಡೇ ಬಾಕ್ಸ್ ತೆಗೆದ. ಒಂದು ರೊಟ್ಟಿ, ಮುಚ್ಚಳದಲ್ಲಿ ಒಂದಿಷ್ಟು ಚಟ್ನಿ. ‘ನಮ್ಮವ್ವ ಮಾಡಿದ್ದು, ಖಾರ ಜಾಸ್ತಿ’ ಎಂದ. ಆಪಾ ಅನುಮಾನಿಸಿದಳು. ಸೀಗಡಿ ಮೀನೋ ಅಲ್ಲವೋ ಎಂಬ ಚರ್ಚೆ ನಮ್ಮ ಹನಫಿಗಳ ಮನೆಗಳಲ್ಲಿ ಇನ್ನೂ ಮುಗಿದಿಲ್ಲ; ಭಟ್ಕಳದ ಶಾಫಿಗಳು ನಮ್ಮನ್ನು ನೋಡಿ ನಗುತ್ತಾರೆ. ‘ಅಬ್ಬಾ ತಿನ್ನುತ್ತಿದ್ದರು’ ಎಂದು ನಾನು ನೆನಪಿಸಿದೆ. ಅವಳು ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡು, ಬ್ಯಾಗಿನಿಂದ ಮಿಡಿ ಉಪ್ಪಿನಕಾಯಿಯ ಬಾಟಲಿ ತೆಗೆದು ಮುಚ್ಚಳ ಬಿಚ್ಚಿ ಕಾರಿನ ಬಾನೆಟ್ಟಿನ ಮೇಲೆ ಇಟ್ಟಳು. ‘ನಿನ್ನ ಹೆಸರೇನಪ್ಪಾ?’ ಎಂದು ಕೇಳಿದಳು.

ಹುಡುಗನ ಫೋನಿಗೆ ಅಷ್ಟರಲ್ಲಿ ಪ್ರವಾಸದವರ ಅಭಿಪ್ರಾಯ ಪತ್ರ ಬಂದಿತ್ತು. ಸ್ಥಳಗಳಿಗೆ ನಕ್ಷತ್ರ, ವಾಹನಕ್ಕೆ ನಕ್ಷತ್ರ, ಊಟಕ್ಕೆ ನಕ್ಷತ್ರ. ಊಟಕ್ಕೆ ಐದು ಕೊಟ್ಟ. ‘ಯಾವ ಊಟಕ್ಕೆ?’ ಎಂದು ಕೇಳಿದೆ. ಬೆರಳಿಗೆ ಚಟ್ನಿ ಹತ್ತಿದ್ದರಿಂದ ಅವನು ಫೋನನ್ನು ಜೇಬಿಗೆ ಹಾಕಿಕೊಂಡ.